ಕಡಲಾಳದ ನೀರಿನ ಊರು ಪತ್ತೆ ಮಾಡುವುದು ಹೇಗೆ?

ಪರ್ಷಿಯನ್ ಕೊಲ್ಲಿಯ ಸರಾಸರಿ ಆಳ ಸುಮಾರು 35 ಮೀಟರ್ ಅಷ್ಟೇ. ಅಲ್ಲಿಯ ಬಿಸಿಲಿಗೆ ನೀರು ಆವಿಯಾಗಿ ಉಪ್ಪು ಉಳಿಯುತ್ತದೆ. ಕೊಲ್ಲಿಯ ಬಾಯಿಯಾದ ಹಾರ್ಮುಜ್ ಜಲಸಂಧಿಯ ತಳದಲ್ಲಿ ಹೊರಬೀಳುವ ನೀರಿನ ಲವಣಾಂಶ, ಅಂದರೆ ಒಂದು ಕಿಲೋ ನೀರಿನಲ್ಲಿರುವ ಉಪ್ಪಿನ ಗ್ರಾಂ ಲೆಕ್ಕ, 39–40ರ ಆಸುಪಾಸು. ಸಾಮಾನ್ಯ ಕಡಲಿನದ್ದು 35. ಈ ನೀರು ಅರಬ್ಬಿ ಸಮುದ್ರದೊಳಗೆ ಎಲ್ಲಿಗೆ ಹೋಗುತ್ತದೆ ಎಂದು ಮನೆಯಲ್ಲೇ ಕೂತು ನೋಡಬಹುದು.

ಮೊದಲು ಮಾಹಿತಿ ಬೇಕು. ಕಡಲಲ್ಲಿ ಆರ್ಗೋ ಎಂಬ ತೇಲುಯಂತ್ರಗಳಿವೆ. ಸಾಮಾನ್ಯವಾಗಿ 10 ದಿನಕ್ಕೊಮ್ಮೆ 2000 ಮೀಟರ್ ಆಳದಿಂದ ಮೇಲೆ ಬರುತ್ತಾ ಉಷ್ಣಾಂಶ, ಲವಣಾಂಶ ಅಳೆದು ಉಪಗ್ರಹಕ್ಕೆ ಕಳಿಸುತ್ತವೆ. ಈ ಮಾಹಿತಿ ಯಾರಿಗಾದರೂ ಉಚಿತ. ಭಾರತದ ಆರ್ಗೋ ಮಾಹಿತಿ ನೋಡಿಕೊಳ್ಳುವುದು ಹೈದರಾಬಾದಿನ ಇನ್‌ಕಾಯ್ಸ್ ಎಂಬ ಸಾಗರ ಮಾಹಿತಿ ಸಂಸ್ಥೆ. ಓಮನ್ ಕೊಲ್ಲಿಯ ಒಂದು ಯಂತ್ರದಿಂದ ಶುರು ಮಾಡಿ. ನಮ್ಮ ಕಾರವಾರದ ಮುಂದಿನ ಕಡಲಿಂದ ಬೇಡ, ಅಷ್ಟು ದೂರ ಬರುವಷ್ಟರಲ್ಲಿ ಗುರುತು ಮಾಸಿರುತ್ತದೆ.

ಫೈಲ್ ತೆರೆದ ಕೂಡಲೇ ಗೆರೆ ಎಳೆಯಬೇಡಿ. ಲವಣಾಂಶದ ಸೆನ್ಸರ್ ವರ್ಷಗಳಾದಂತೆ ತಪ್ಪು ತೋರಿಸುವುದುಂಟು. ಹಾಗಾಗಿ ತಿದ್ದಿದ ಮೌಲ್ಯದ ಕಾಲಂ ಇದ್ದರೆ ಅದನ್ನೇ ತೆಗೆದುಕೊಳ್ಳಿ. ಗುಣಮಟ್ಟದ ಗುರುತು 1 ಇರುವ ಅಂಕಿಗಳನ್ನು ಇಟ್ಟುಕೊಳ್ಳಿ, 4 ಇದ್ದರೆ ಕಿತ್ತೆಸೆಯಿರಿ. ಆಳದ ಜಾಗದಲ್ಲಿ ಒತ್ತಡ ಇರುತ್ತದೆ, ಡೆಸಿಬಾರ್ ಲೆಕ್ಕದಲ್ಲಿ. ಒಂದು ಡೆಸಿಬಾರ್ ಅಂದರೆ ಹತ್ತಿರ ಹತ್ತಿರ ಒಂದು ಮೀಟರ್.

ಈಗ ಲವಣಾಂಶ ಅಡ್ಡಕ್ಕೆ, ಆಳ ಕೆಳಮುಖವಾಗಿ ಇಟ್ಟು ಗ್ರಾಫ್ ಹಾಕಿ. 200ರಿಂದ 400 ಮೀಟರ್ ನಡುವೆ ಗೆರೆ ಬಲಕ್ಕೆ ಉಬ್ಬಿದರೆ ಅದೇ ಕೊಲ್ಲಿಯ ನೀರು. ಅಷ್ಟು ಉಪ್ಪಿನ ನೀರು ಸೀದಾ ತಳಕ್ಕೆ ಇಳಿಯಬೇಕಿತ್ತಲ್ವಾ? ಇಳಿಯುವ ದಾರಿಯಲ್ಲೇ ಸುತ್ತಲಿನ ನೀರಿನ ಜೊತೆ ಬೆರೆತು ಹಗುರಾಗುತ್ತದೆ, ತನ್ನಷ್ಟೇ ಸಾಂದ್ರತೆಯ ಪದರ ಸಿಕ್ಕಲ್ಲಿ ನಿಂತು ಅಡ್ಡಕ್ಕೆ ಹರಡುತ್ತದೆ.

ಆದ್ದರಿಂದ ಉಪ್ಪೊಂದನ್ನೇ ನಂಬಬೇಡಿ. ಉಷ್ಣಾಂಶ ಸೇರಿಸಿ ಸಾಂದ್ರತೆಯ ಲೆಕ್ಕ ಹಾಕಿ. ಓಷನ್ ಡೇಟಾ ವ್ಯೂ ಎಂಬ ಉಚಿತ ಸಾಫ್ಟ್‌ವೇರ್ ಇದನ್ನು ಮಾಡಿಕೊಡುತ್ತದೆ. ಒತ್ತಡದ ಪ್ರಭಾವ ಕಳೆದ ಮೇಲೆ ಕೊಲ್ಲಿಯ ನೀರು ಘನ ಮೀಟರಿಗೆ ಸುಮಾರು 1026.6 ಕಿಲೋ ತೂಗುತ್ತದೆ. ಅರಬ್ಬಿ ಸಮುದ್ರಕ್ಕೇ ಬಂದು ಸೇರುವ ಕೆಂಪು ಸಮುದ್ರದ ನೀರಿನದ್ದು 1027.2. ಅದಕ್ಕೇ ಅದು ಇನ್ನೂ ಕೆಳಗೆ, 500–800 ಮೀಟರ್‌ನಲ್ಲಿ ಸಿಗುತ್ತದೆ.

ಆಮೇಲೆ ದಕ್ಷಿಣದ ಕಡೆ ಒಂದೊಂದೇ ಯಂತ್ರ ಆರಿಸಿ, ಅದೇ ಸಾಂದ್ರತೆಯಲ್ಲಿ ಉಬ್ಬು ಎಷ್ಟು ಕುಗ್ಗಿದೆ ನೋಡುತ್ತಾ ಹೋಗಿ. ಮೇಲ್ಮೈಯಲ್ಲಾದರೆ ಮಳೆ, ಬಿಸಿಲು ಲವಣಾಂಶ ಬದಲಿಸುತ್ತವೆ. ಆಳದಲ್ಲಿ ಅದನ್ನು ಬದಲಿಸುವುದು ಬೆರಕೆ ಒಂದೇ. ಜರ್ಮನಿಯ ಸಾಗರ ವಿಜ್ಞಾನಿ ಗೆಯಾರ್ಗ್ ವ್ಯೂಸ್ಟ್ 1930ರ ದಶಕದಲ್ಲಿ ಅಟ್ಲಾಂಟಿಕ್ ಆಳದ ನೀರಿನ ಜಾಡು ಹಿಡಿದದ್ದು ಹೆಚ್ಚುಕಮ್ಮಿ ಹೀಗೇ, ಹಡಗಿನಿಂದ ಬಾಟಲಿ ಇಳಿಸಿ ತಂದ ಮಾದರಿಗಳಿಂದ.

ನಮ್ಮ ಕರಾವಳಿಯ ಹತ್ತಿರ ಬಂದಾಗ ಮಾತ್ರ ಹುಷಾರು. ಚಳಿಗಾಲದಲ್ಲಿ ಬಂಗಾಳ ಕೊಲ್ಲಿಯ ಉಪ್ಪು ಕಡಿಮೆಯಿರುವ ನೀರು ಶ್ರೀಲಂಕಾ ಸುತ್ತಿ ಬಂದು ಮೇಲೆ ಹರಡಿಕೊಳ್ಳುತ್ತದೆ. ಆಗ ಅದರ ಕೆಳಗೆ, 100 ಮೀಟರ್ ಒಳಗೇ ಒಂದು ಉಬ್ಬು ಎದ್ದು ಕಾಣುತ್ತದೆ. ಈ ಉಬ್ಬು ಉತ್ತರ ಅರಬ್ಬಿ ಸಮುದ್ರದಲ್ಲೇ ಹುಟ್ಟಿದ ಉಪ್ಪುನೀರಿನದು. ಅಲ್ಲಿಯ ಉಷ್ಣಾಂಶ 24 ಡಿಗ್ರಿ ದಾಟಿದ್ದರೆ ಪರ್ಷಿಯನ್ ಕೊಲ್ಲಿಯ ಲೆಕ್ಕಕ್ಕೆ ಸೇರಿಸಬೇಡಿ.