ಒಂದೇ ಎಳೆ, 20 ಚುಕ್ಕಿ: ಬೆಳಗಿನ ತಳಮಳಕ್ಕೆ ನನ್ನ ರಂಗೋಲಿ

4 ಸಾಲು, ಸಾಲಿಗೆ 5 ನೇರ ಚುಕ್ಕಿ, ಒಂದೇ ಎಳೆ, ಹೆಚ್ಚುಕಡಿಮೆ ಎಂಟು ನಿಮಿಷ. ಬೆಳಗ್ಗೆ ಎದ್ದ ಕೂಡಲೇ ಎದೆ ಹಿಡಿದಂತಾಗುವ ತಳಮಳ ನನಗೆ ಇಳಿದಿದ್ದು ಇದರಿಂದ. ‘ಪುಡಿ ಎಳೆದರೆ ಚಿಂತೆ ಹೋಗುತ್ತಾ’ ಅಂದವರ ಬಾಗಿಲಲ್ಲೂ ಈಗ ಇದೇ 20 ಚುಕ್ಕಿ ಇದೆ. ಹೆಮ್ಮೆಯಿಂದಲೇ ಹೇಳ್ತೀನಿ.

ಮೊದಲು ಕೆಟ್ಟಿದ್ದು ದೊಡ್ಡದಕ್ಕೆ ಕೈಹಾಕಿ. 15ರಿಂದ 8 ಎಡೆಚುಕ್ಕಿ, ಅಂದರೆ ನಡುಸಾಲಲ್ಲಿ 15, ಮೇಲೂ ಕೆಳಗೂ ಹಿಂದಿನ ಸಾಲಿನ ಚುಕ್ಕಿಗಳ ಸಂದಿಗೆ ಸರಿಯಾಗಿ ಒಂದೊಂದೇ ಇಳಿಸುತ್ತಾ 8ರವರೆಗೆ: ಒಟ್ಟು 169 ಚುಕ್ಕಿ, ಮುಕ್ಕಾಲು ಗಂಟೆ. ಏಳನೇ ಸಾಲಲ್ಲಿ ಒಂದು ಚುಕ್ಕಿ ಜಾರಿದರೆ ಇಡೀ ರಂಗೋಲಿ ಸೊಟ್ಟ, ಇದ್ದ ತಳಮಳ ಎರಡರಷ್ಟು. ಬಣ್ಣಕ್ಕೇ ದೇವರಾಜ ಮಾರುಕಟ್ಟೆಯಲ್ಲಿ ಎರಡು ತಿಂಗಳಲ್ಲಿ ಆರುನೂರು ರೂಪಾಯಿ ಸುರಿದೆ. ಈಗ ಬರೀ ಬಿಳಿ ಪುಡಿ, ತಿಂಗಳಿಗೆ ಒಂದೂವರೆ ಕೆಜಿ ಸಾಕು. ಫೋಟೊ ತೆಗೆದು ಸ್ಟೇಟಸ್‌ಗೆ ಹಾಕೋದನ್ನೂ ಬಿಟ್ಟೆ. ಯಾರು ನೋಡಿದರು ಅಂತ ಕಾಯೋದೇ ಇನ್ನೊಂದು ಚಿಂತೆ.

ಗುಟ್ಟು ಇರೋದು ಲೆಕ್ಕದಲ್ಲಿ. 4ಕ್ಕೆ 4 ಇಟ್ಟರೆ ನಾಲ್ಕು ಬೇರೆ ಬೇರೆ ಎಳೆ ಬೀಳುತ್ತೆ, 4ಕ್ಕೆ 6 ಇಟ್ಟರೆ ಎರಡು. ಎಳೆ ಮುಗಿದಾಗಲೆಲ್ಲ ಕೈ ಏಳುತ್ತೆ, ಆ ಸಂದಿಯಲ್ಲೇ ಯೋಚನೆ ನುಗ್ಗುತ್ತೆ. 4-5, 3-4, 5-7ರಂತೆ ಎರಡನ್ನೂ ಭಾಗಿಸುವ ಸಂಖ್ಯೆ 1 ಬಿಟ್ಟು ಬೇರೆ ಇರಬಾರದು, ಆಗ ಒಂದೇ ಎಳೆ. ಚುಕ್ಕಿಗಳ ನಡುವೆ ಓರೆಯಾಗಿ ಹೋಗಿ, ಅಂಚಿನ ಚುಕ್ಕಿಯನ್ನು ಸುತ್ತಿ ಮತ್ತೆ ಓರೆಯಾಗಿ ಒಳಗೆ ಬನ್ನಿ. ಪ್ರತಿ ತಿರುವಿನಲ್ಲೂ ಉಸಿರು ಬಿಡಿ. ಹೊರಟಲ್ಲಿಗೇ ಬಂದು ಕೂಡುತ್ತೆ. ಇದರೊಳಗೇ ಹೂ ಮೂಡಿಸುವ ಒಂದು ತಿರುವಿದೆ, ಅದನ್ನು ಬರೆಯಲ್ಲ. ತಿಂಗಳು ಎಳೆದ ಕೈಗೆ ತಾನೇ ಸಿಗುತ್ತೆ.

ನೀರು ಚಿಮುಕಿಸಿ, ನೆಲದ ಹೊಳಪು ಆರೋವರೆಗೆ ತಡೀರಿ. ಇಲ್ಲದಿದ್ದರೆ ಎಳೆ ಹರಡುತ್ತೆ. ಪುಡಿ ತೀರಾ ನುಣುಪಾದರೆ ಬೆರಳಲ್ಲಿ ಗಂಟು ಕಟ್ಟುತ್ತೆ. ಮೂರು ಪಾಲಿಗೆ ಒಂದು ಪಾಲು ಜರಡಿ ಹಿಡಿದ ಮರಳು ಸೇರಿಸಿ. ಅಕ್ಕಿಹಿಟ್ಟಲ್ಲೂ ನೋಡಿದೆ, ಅರ್ಧ ಗಂಟೆಗೆ ಇರುವೆ ಸಾಲು. ಆಷಾಢದ ಗಾಳಿಗೆ ಪುಡಿ ನಿಲ್ಲಲ್ಲ ಅಂತ ಒಳಗೆ ಸ್ಲೇಟು, ಬಳಪ ಹಿಡಿದೆ. ಅರ್ಧದಷ್ಟೇ ಫಲ. ಕುಕ್ಕರುಗಾಲಲ್ಲಿ ಕೂತು ಬೆರಳಿಂದ ಪುಡಿ ಜಾರಿಸುವ ಹದ ಅದಕ್ಕಿಲ್ಲ.

ವಾರಗಟ್ಟಲೆ ನಿದ್ದೆ, ಊಟ ಸೇರದವರು ಇದನ್ನೇ ನೆಚ್ಚಿ ಕೂರಬೇಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಇದೆ, ಕನ್ನಡದಲ್ಲೇ ಮಾತಾಡಬಹುದು.

ಮಾರನೇ ದಿನ ತೊಳೆಯೋ ಮುಂಚೆ ನಿನ್ನೆಯ ಎಳೆ ನೋಡಿ. ದಪ್ಪ ಬಿದ್ದ ಕಡೆ ಕೈ ನಿಂತಿತ್ತು, ಮನಸ್ಸು ಎಲ್ಲೋ ಹೋಗಿತ್ತು ಅಂತ. ನನ್ನದು ಮೂರನೇ ಸಾಲಿನ ತುದಿಯಲ್ಲಿ ಈಗಲೂ ಒಂದಿಷ್ಟು ದಪ್ಪ.