ಮಾಳಿಗೆ ತಣ್ಣಗಾದ ಮೇಲೆ ಬಂದ ನಿದ್ದೆ

ಕಲಬುರಗಿಯಲ್ಲಿ ನಮ್ಮದು ಬಾಡಿಗೆ ಮನೆ, ಎರಡನೇ ಮಹಡಿ. ತಲೆ ಮೇಲೆ ಆರ್‌ಸಿಸಿ ಸ್ಲ್ಯಾಬ್, ಅದರ ಮೇಲೆ ಬಿಸಿಲು. ಎರಡು ವರ್ಷದ ಹಿಂದೆ ಏಪ್ರಿಲ್‌ನಲ್ಲಿ ಮನೆಯಲ್ಲಿ ಯಾರಿಗೂ ಸರಿಯಾಗಿ ನಿದ್ದೆ ಇರಲಿಲ್ಲ. ಮಗಳು ಸಿಇಟಿಗೆ ಓದುತ್ತಿದ್ದಳು. ಹತ್ತೂವರೆಗೆ ಮಲಗಿ ಆರಕ್ಕೆ ಏಳುತ್ತಿದ್ದಳು. ಆದರೂ ಬೆಳಿಗ್ಗೆ ಪುಸ್ತಕ ಹಿಡಿದರೆ ಕಣ್ಣು ಎಳೆಯುತ್ತಿತ್ತು. ಮೊಬೈಲ್ ಜಾಸ್ತಿ ಆಗಿದೆ, ಅದಕ್ಕೇ ಹೀಗೆ ಅಂತ ಅವಳನ್ನು ಬೈದೆ. ಬೈದದ್ದು ತಪ್ಪು ಅಂತ ಆಮೇಲೆ ಗೊತ್ತಾಯಿತು.

ಕಾರಣ ಹೇಳಿದ್ದು ನಮ್ಮ ಅವ್ವ. "ಮಾಳಿಗಿ ಕಾದದ. ಅದು ತಣ್ಣಗಾಗೋತನಕ ನಿದ್ದಿ ಎಲ್ಲಿಂದ ಬರ್ತದ?" ಅಂದಳು. ಆ ರಾತ್ರಿ ಹನ್ನೊಂದಕ್ಕೆ ಸ್ಟೂಲ್ ಮೇಲೆ ನಿಂತು ಛಾವಣಿಗೆ ಅಂಗೈ ಇಟ್ಟು ನೋಡಿದೆ. ರೊಟ್ಟಿ ಬೇಯಿಸಿ ಇಳಿಸಿ ಸ್ವಲ್ಪ ಹೊತ್ತಾದ ಹಂಚಿನ ಹಾಗೆ ಬಿಸಿ ಇತ್ತು. ಸೂರ್ಯ ಮುಳುಗಿ ನಾಲ್ಕು ತಾಸು ಆಗಿತ್ತು!

ಮರುದಿನ ತಾಪಮಾನ, ತೇವಾಂಶ ಎರಡನ್ನೂ ತೋರಿಸುವ ಸಣ್ಣ ಡಿಜಿಟಲ್ ಮೀಟರ್ ತಂದೆ. ಒಂದು ವಾರ ಬರೆದಿಟ್ಟೆ. ರಾತ್ರಿ ಹತ್ತೂವರೆಗೆ ಮಲಗುವ ಕೋಣೆಯಲ್ಲಿ 35 ಡಿಗ್ರಿ, ಹೊರಗೆ ಮಾಳಿಗೆ ಮೇಲೆ 31. ಬೆಳಗಿನ ಐದಕ್ಕೆ ಒಳಗೆ 32, ಹೊರಗೆ 27. ಅಂದರೆ ಊರು ತಣ್ಣಗಾಗುತ್ತಿತ್ತು, ನಮ್ಮ ಕೋಣೆ ಆಗುತ್ತಿರಲಿಲ್ಲ. ಕಾಂಕ್ರೀಟ್ ಹಗಲೆಲ್ಲ ಕುಡಿದ ಬಿಸಿಲನ್ನು ನಾವು ಮಲಗುವ ಹೊತ್ತಿಗೆ ಕೆಳಗೆ ಬಿಡುತ್ತಿತ್ತು. ಸೀಲಿಂಗ್ ಫ್ಯಾನ್ ಅದೇ ಬಿಸಿ ಗಾಳಿಯನ್ನು ನಮ್ಮ ಮೇಲೆ ತಳ್ಳುತ್ತಿತ್ತು.

ನಿದ್ದೆಗೂ ಬಿಸಿಗೂ ಏನು ಸಂಬಂಧ ಅಂತ ಓದುತ್ತಾ ಹೋದೆ. ರಾತ್ರಿ ಆಗುತ್ತಿದ್ದಂತೆ ನಮ್ಮ ಮೈಯೊಳಗಿನ ಬಿಸಿ ತಾನಾಗಿ ಇಳಿಯುತ್ತದೆ, ಸುಮಾರು ಒಂದು ಡಿಗ್ರಿಯಷ್ಟು. ಅದಕ್ಕಾಗಿ ಅಂಗೈ, ಅಂಗಾಲಿನ ರಕ್ತನಾಳಗಳು ಹಿಗ್ಗುತ್ತವೆ. ರಕ್ತ ಅಲ್ಲಿಗೆ ಹರಿದು ಬಿಸಿಯನ್ನು ಹೊರಗೆ ಬಿಡುತ್ತದೆ. ನಿದ್ದೆಗೆ ಜಾರುವ ಮಗುವಿನ ಕೈಕಾಲು ಬೆಚ್ಚಗಾಗುತ್ತವೆ ಅಲ್ವಾ, ಅದು ಇದೇ. 1999ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನ ಸಂಶೋಧಕರು ಇದನ್ನು ಅಳೆದು ತೋರಿಸಿದರು: ಕೈಕಾಲು ಬೆಚ್ಚಗಾದವರಿಗೆ ನಿದ್ದೆ ಬೇಗ ಹತ್ತುತ್ತದೆ. ಆದರೆ ಸುತ್ತಲಿನ ಗಾಳಿಯೇ 35 ಡಿಗ್ರಿ ಇದ್ದರೆ ಮೈ ತನ್ನ ಬಿಸಿಯನ್ನು ಎಲ್ಲಿ ಬಿಡಬೇಕು? ಚರ್ಮವೂ ಹೆಚ್ಚುಕಮ್ಮಿ ಅಷ್ಟೇ ಬಿಸಿ ಇರುತ್ತದೆ. ಆಗ ಉಳಿಯುವ ದಾರಿ ಬೆವರು ಒಂದೇ.

ಕನಸು ಬೀಳುವ ಹಂತದ ನಿದ್ದೆಯಲ್ಲಿ ಬೆವರುವುದು, ನಡುಗುವುದು ಎರಡೂ ಬಹಳ ಮಟ್ಟಿಗೆ ಕಡಿಮೆಯಾಗುತ್ತವೆ. ಅದಕ್ಕೇ ಸೆಕೆ ಜಾಸ್ತಿ ಇದ್ದರೆ ಆ ನಿದ್ದೆಯೂ ಆಳವಾದ ನಿದ್ದೆಯೂ ತುಂಡಾಗುತ್ತವೆ. ನಡುನಡುವೆ ಎಚ್ಚರ ಆದದ್ದು ಬೆಳಿಗ್ಗೆ ನೆನಪೂ ಇರುವುದಿಲ್ಲ. ಏಳೂವರೆ ತಾಸು ಮಲಗಿಯೂ ಮಗಳು ದಣಿದಿರುತ್ತಿದ್ದಳಲ್ಲ, ಅದು ಓದಿದಾಗ ಅರ್ಥವಾಯಿತು.

ಮೊದಲು ಮಾಡಿದ್ದು ಕೂಲರ್ ತಂದದ್ದು. ಕೋಣೆಯೊಳಗೆ ಇಟ್ಟು ಕಿಟಕಿ ಬಾಗಿಲು ಮುಚ್ಚಿದೆವು. ಅರ್ಧ ತಾಸು ಹಾಯ್ ಅನಿಸಿತು. ಆಮೇಲೆ ಮೈಯೆಲ್ಲ ಅಂಟು ಅಂಟು. ಮೀಟರ್‌ನಲ್ಲಿ ತೇವಾಂಶ ಏರುತ್ತಲೇ ಇತ್ತು. ಗಾಳಿಯೇ ಒದ್ದೆಯಾದರೆ ಬೆವರು ಆರುವುದಿಲ್ಲ. ಕೂಲರ್ ಅನ್ನು ಕಿಟಕಿ ಹೊರಗಿಟ್ಟು, ಎದುರಿನ ಬಾಗಿಲು ತೆಗೆದು ಗಾಳಿಗೆ ದಾರಿ ಬಿಟ್ಟ ಮೇಲೆ ಸರಿಹೋಯಿತು. ನಮ್ಮ ಒಣ ಬೇಸಿಗೆಗೆ ಇದು ಒಳ್ಳೆಯದೇ. ಜೂನ್‌ನಲ್ಲಿ ಮಳೆ ಬಿದ್ದ ಮೇಲೆ ಇದರಿಂದ ಉಪಯೋಗ ಇಲ್ಲ. ಕರಾವಳಿಯವರಿಗೆ ನಾನು ಕೂಲರ್ ತಗೊಳ್ಳಿ ಅನ್ನುವುದಿಲ್ಲ.

ನಿಜವಾದ ಫರಕು ಬಿದ್ದದ್ದು ಮಾಳಿಗೆಯಿಂದ. ಮಾಲೀಕರನ್ನು ಕೇಳಿ, ಸುಣ್ಣವನ್ನು ರಾತ್ರಿಯೆಲ್ಲ ನೆನೆಹಾಕಿ, ಬೆಳಿಗ್ಗೆ ಸೋಸಿ, ಅದಕ್ಕೆ ಫೆವಿಕಾಲ್ ಕಲಸಿದೆ. ಸ್ಲ್ಯಾಬನ್ನು ಗುಡಿಸಿ ತೊಳೆದು, ಬಿಸಿಲು ಇಳಿದ ಮೇಲೆ ಮೊದಲ ಕೋಟ್ ಹೊಡೆದೆವು. ಒಟ್ಟು ಮೂರು ಕೋಟ್, ಮೂರು ಸಂಜೆ. ಕಾದ ಸ್ಲ್ಯಾಬಿಗೆ ಹೊಡೆದರೆ ಸುಣ್ಣ ಹಿಡಿಯುವುದಿಲ್ಲ, ಪುಡಿಯಾಗಿ ಉದುರುತ್ತದೆ. ಕೈಗೆ ಗ್ಲೌಸ್, ಕಣ್ಣಿಗೆ ಕನ್ನಡಕ ಬೇಕೇ ಬೇಕು, ಸುಣ್ಣ ಸುಡುತ್ತದೆ. ಬಿಳಿ ಬಣ್ಣ ಬಿಸಿಲನ್ನು ವಾಪಸ್ ಕಳಿಸುತ್ತದೆ, ಸ್ಲ್ಯಾಬ್ ಕಾಯುವುದೇ ಕಡಿಮೆ. ನಾಲ್ಕನೇ ರಾತ್ರಿ ಹತ್ತೂವರೆಗೆ ಮೀಟರ್ ನೋಡಿದೆ: 32.5. ಮತ್ತೆ ಸ್ಟೂಲ್ ಹತ್ತಿ ಕೈ ಇಟ್ಟೆ. ಬೆಚ್ಚಗಿತ್ತು, ಅಷ್ಟೇ. ಅವ್ವನನ್ನೂ ಕರೆದು ತೋರಿಸಬೇಕು ಅನಿಸಿತು, ಅವಳು ಆಗಲೇ ಮಲಗಿದ್ದಳು.

ಆಮೇಲೆ ಕಿಟಕಿಯ ಹೊತ್ತು ಬದಲಾಯಿಸಿದೆವು. ಮೊದಲು ಹಗಲು ಗಾಳಿ ಬರಲಿ ಅಂತ ತೆಗೆದು, ರಾತ್ರಿ ಸೊಳ್ಳೆ ಅಂತ ಮುಚ್ಚುತ್ತಿದ್ದೆವು. ಪೂರಾ ಉಲ್ಟಾ! ಈಗ ಬೆಳಿಗ್ಗೆ ಒಂಬತ್ತಕ್ಕೆ ಮುಚ್ಚಿ ದಪ್ಪ ಪರದೆ ಎಳೆಯುತ್ತೇವೆ. ರಾತ್ರಿ ಹೊರಗಿನ ತಾಪಮಾನ ಒಳಗಿನದಕ್ಕಿಂತ ಇಳಿದ ಕೂಡಲೇ ತೆಗೆಯುತ್ತೇವೆ. ಕಿಟಕಿಗೆ ಸೊಳ್ಳೆ ಜಾಲರಿ ಹಾಕಿಸಿದ್ದೇವೆ.

ಸ್ಪಂಜಿನ ಗಾದಿ ತೆಗೆದು ತೆಳು ಹತ್ತಿ ಗಾದಿ ಹಾಕಿದೆವು. ಬೇಸಿಗೆಯಲ್ಲಿ ಅವ್ವ ಶಹಾಬಾದ್ ಫರಸಿ ಮೇಲೆ ಚಾಪೆ ಹಾಸಿಯೇ ಮಲಗುತ್ತಾಳೆ. ಮಲಗುವ ಒಂದೆರಡು ತಾಸು ಮುಂಚೆ ಎಲ್ಲರೂ ಸ್ನಾನ ಮಾಡುತ್ತೇವೆ, ತಣ್ಣೀರಲ್ಲಲ್ಲ, ಬೆಚ್ಚನೆ ನೀರಲ್ಲಿ. ಬೆಚ್ಚನೆ ನೀರು ಚರ್ಮದ ಕಡೆ ರಕ್ತ ಎಳೆಯುತ್ತದೆ, ಆಮೇಲೆ ಮೈ ಬೇಗ ತಣಿಯುತ್ತದೆ. ಮೇ ತಿಂಗಳಲ್ಲಿ ನಮ್ಮ ಟ್ಯಾಂಕಿನ ನೀರು ರಾತ್ರಿ ಎಂಟಕ್ಕೂ ಬೆಚ್ಚಗಿರುತ್ತದೆ, ಗೀಸರ್ ಬೇಕಾಗುವುದಿಲ್ಲ.

ಮಲಗುವ ಕೋಣೆ 18 ಡಿಗ್ರಿ ಇರಬೇಕು ಅಂತ ಎಲ್ಲೆಲ್ಲೂ ಓದುತ್ತೇವೆ. ಅದು ದಪ್ಪ ರಜಾಯಿ ಹೊದ್ದು ಮಲಗುವ ಚಳಿ ದೇಶದ ಲೆಕ್ಕ. ಅವರ ಹೊದಿಕೆಯೊಳಗೆ ಮೈ ಹತ್ತಿರದ ಗಾಳಿ 32ರಿಂದ 34 ಡಿಗ್ರಿ ಇರುತ್ತದೆ. ಹೈದರಾಬಾದಿನ ನಮ್ಮ ಅಕ್ಕನ ಮನೆಯಲ್ಲಿ ಎಸಿ 18ಕ್ಕೆ ಇಟ್ಟು ತೆಳು ಚಾದರ ಹೊದ್ದು ಮಲಗಿದ್ದೆ. ನಾಲ್ಕಕ್ಕೆ ಚಳಿಯಿಂದ ಎಚ್ಚರ ಆಯಿತು. ಮೈಯ ಬಿಸಿ ಅತಿ ಕಡಿಮೆ ಇರುವುದು ಬೆಳಗಿನ ಆ ಹೊತ್ತಿಗೇ. ಎಸಿ ಇರುವವರು 24, 25ಕ್ಕೆ ಇಟ್ಟು ಫ್ಯಾನನ್ನು ಸಣ್ಣಗೆ ಬಿಟ್ಟರೆ ಸಾಕು ಅಂತ ನನ್ನ ಅಭಿಪ್ರಾಯ. 2020ರ ಜನವರಿಯಿಂದ ನಮ್ಮ ದೇಶದಲ್ಲಿ ರೂಮ್ ಎಸಿಗಳು ಹಾಕಿದಾಗ 24ಕ್ಕೇ ಶುರುವಾಗಬೇಕು ಅಂತ ನಿಯಮವೂ ಇದೆ.

ನಾವು ಎಸಿ ತಂದಿಲ್ಲ. ಮಳೆಗಾಲಕ್ಕೆ ಸುಣ್ಣ ಅಲ್ಲಲ್ಲಿ ಎದ್ದು ಬರುತ್ತದೆ, ಮಾರ್ಚ್‌ನಲ್ಲಿ ಮತ್ತೆ ಹೊಡೆಯುತ್ತೇನೆ. ಮೊನ್ನೆ ಮೇ ತಿಂಗಳಲ್ಲಿ ನೀರು ಕುಡಿಯಲು ನಾಲ್ಕೂವರೆಗೆ ಎದ್ದಾಗ ಮಗಳ ಕೋಣೆ ಇಣುಕಿದೆ. ಮೀಟರ್‌ನಲ್ಲಿ 28.5 ಇತ್ತು. ಮಲಗುವಾಗ ಒದ್ದು ಕೆಳಗೆ ಹಾಕಿದ್ದ ಚಾದರವನ್ನು ನಿದ್ದೆಯಲ್ಲೇ ಕತ್ತಿನವರೆಗೆ ಎಳೆದುಕೊಂಡಿದ್ದಳು.