ಚೆಕ್ ಎಂಜಿನ್ ಲೈಟ್ ಬಂತಾ? ಆಕ್ಸಿಜನ್ ಸೆನ್ಸರ್ ಬದಲಿಸುವ ಮುಂಚೆ ಇಷ್ಟು ನೋಡಿ

ಪೆಟ್ರೋಲ್ ಕಾರಿನ ಮೈಲೇಜ್ ಇಳಿದ ತಕ್ಷಣ ಹೊಸ ಸೆನ್ಸರ್‌ಗೆ ದುಡ್ಡು ಸುರಿಯಬೇಡಿ. ಸಾಮಾನ್ಯ ಬಗೆಯ ಆಕ್ಸಿಜನ್ ಸೆನ್ಸರ್ ಆದ ಜಿರ್ಕೋನಿಯಾ ಸೆನ್ಸರ್ ಎಂಜಿನ್ ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ಹೊರಗಿನ ಗಾಳಿಗೆ ಹೋಲಿಸಿ ವೋಲ್ಟೇಜ್ ಕೊಡುತ್ತದೆ: ಪೆಟ್ರೋಲ್ ಜಾಸ್ತಿಯಾದರೆ 0.8–0.9 ವೋಲ್ಟ್, ಗಾಳಿ ಜಾಸ್ತಿಯಾದರೆ 0.1–0.2 ವೋಲ್ಟ್. ಅದನ್ನು ನೋಡಿ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಇಂಜೆಕ್ಟರ್ ತೆರೆದಿರುವ ಹೊತ್ತನ್ನು ಹೆಚ್ಚು ಕಡಿಮೆ ಮಾಡುತ್ತದೆ. ಸುಮಾರು 300 ಡಿಗ್ರಿ ದಾಟುವ ತನಕ ಇದು ಸರಿಯಾಗಿ ಕೆಲಸ ಮಾಡದು, ಒಳಗೆ ಹೀಟರ್ ಇರುವುದು ಅದಕ್ಕೇ.

ಮೈಸೂರಿನಿಂದ ಶ್ರೀರಂಗಪಟ್ಟಣಕ್ಕೆ ಹೋಗುವಷ್ಟರಲ್ಲಿ ಎಂಜಿನ್ ಚೆನ್ನಾಗಿ ಬಿಸಿಯಾಗಿರುತ್ತದೆ. ಗಾಡಿ ನಿಲ್ಲಿಸಿ, ನ್ಯೂಟ್ರಲ್‌ನಲ್ಲಿ 2,000 ಆರ್‌ಪಿಎಂ ಹಿಡಿದು, ಕಾರಿನ ಕಂಪ್ಯೂಟರ್‌ನ ಕೋಡ್, ಅಂಕಿ ಓದುವ ಓಬಿಡಿ ಸ್ಕ್ಯಾನರ್‌ನಲ್ಲಿ ನೋಡಿ. ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್‌ಗಿಂತ ಮುಂಚೆ ಇರುವ ಸೆನ್ಸರ್‌ನ ವೋಲ್ಟೇಜ್ ಸತತವಾಗಿ ಏರಿಳಿಯುತ್ತಿರಬೇಕು. ಕನ್ವರ್ಟರ್ ದಾಟಿದ ಮೇಲಿನದು ಹೆಚ್ಚುಕಡಿಮೆ ಒಂದೇ ಸಮ ಇದ್ದರೆ ಸರಿ. ವೈಡ್‌ಬ್ಯಾಂಡ್ ಎಂಬ ಬೇರೆ ಬಗೆಯ ಸೆನ್ಸರ್ ಇರುವ ಗಾಡಿಗಳಿಗೆ ಈ ಅಂಕಿಗಳು ಹೊಂದುವುದಿಲ್ಲ.

ಪಿ0135 ಕೋಡ್ (ಸೆನ್ಸರ್ ಹೀಟರ್ ದೋಷ) ಬಂದರೆ ಮೊದಲು ಹೀಟರ್ ಫ್ಯೂಸ್, ವೈರ್ ನೋಡಿ. ಪಿ0171 (ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ) ಬಂದರೆ ಸೆನ್ಸರ್ ನಿಜವನ್ನೇ ಹೇಳುತ್ತಿರಬಹುದು: ಸೀಳಿದ ವ್ಯಾಕ್ಯೂಮ್ ಪೈಪ್ ಹುಡುಕಿ. ಸೆನ್ಸರ್‌ಗಿಂತ ಮುಂಚೆ ಎಕ್ಸಾಸ್ಟ್ ಗ್ಯಾಸ್ಕೆಟ್ ಸೋರಿದರೂ ಹೊರಗಿನ ಗಾಳಿ ಒಳಸೇರಿ, ಇಸಿಯು ಸುಮ್ಮನೆ ಪೆಟ್ರೋಲ್ ಜಾಸ್ತಿ ಸುರಿಯುತ್ತದೆ. ಮೈಲೇಜ್ ಹೋಗುವುದು ಎಷ್ಟೋ ಸಲ ಇಲ್ಲೇ.

ಬದಲಿಸಲೇಬೇಕಾದರೆ ಎಂಜಿನ್ ಸ್ವಲ್ಪ ಬೆಚ್ಚಗಿರುವಾಗ 22 ಎಂಎಂ ಸ್ಪ್ಯಾನರ್‌ನಲ್ಲಿ ಬಿಚ್ಚಿ. ಆಂಟಿ-ಸೀಜ್ (ಥ್ರೆಡ್ ಕಚ್ಚಿಕೊಳ್ಳದಂತೆ ಹಚ್ಚುವ ಪೇಸ್ಟ್) ಥ್ರೆಡ್‌ಗೆ ಮಾತ್ರ, ತುದಿಗೆ ತಾಗಬಾರದು. ಸೆನ್ಸರ್ ವೈರಿನ ಮೂಲಕವೇ ಹೊರಗಾಳಿ ಎಳೆದುಕೊಳ್ಳುವ ಕಾರಣ ಕನೆಕ್ಟರ್‌ಗೆ ಗ್ರೀಸ್ ತುಂಬಬೇಡಿ. ಗ್ಯಾಸ್ಕೆಟ್‌ಗೆ ಸೆನ್ಸರ್-ಸೇಫ್ ಅಲ್ಲದ ಸಿಲಿಕೋನ್ ಹಚ್ಚಿದರೆ ಹೊಸ ಸೆನ್ಸರ್ ಕೂಡ ಹಾಳು.